ಅಡುಗೆಮನೆಯ ಕಿಟಕಿ: ವಾಸನೆಯಿಲ್ಲದ ಊಟ



"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ನೀವು ನಿಮ್ಮ ಅಜ್ಜಿಯರ ಬಾಯಲ್ಲಿ ಕೇಳಿರಬಹುದು. ಉಣ್ಣುವುದು ನಮ್ಮ ನಾಲಗೆಗೆ ಹಿತವಾಗಿರಲಿ, ಉಡುಗೆ ತೊಡುಗೆ ಮಾತ್ರ ನಾಲ್ಕು ಜನ ಒಪ್ಪುವಂತಿರಲಿ ಎಂಬುದು ಹಿರಿಯರ ಎಣಿಕೆ. ಟಿ.ವಿ. ಬಂದ ಮೇಲೆ ಈ ಗಾದೆ ತಲೆಕೆಳಗಾಗಿದೆ ನೋಡಿ. ಈಗ ಊಟವೇ ನೋಟವಾಗಿಬಿಟ್ಟಿದೆ! ಸಾವಿರಾರು ಮೈಲಿ ಆಚೆ ಯಾರೋ ಉಣ್ಣುತ್ತಾರೆ, ಇನ್ಯಾರೋ ಅದನ್ನು ರುಚಿ ನೋಡಿ ಕಣ್ಣು ಅರಳಿಸುತ್ತಾರೆ, ನಾವು ಸೋಫಾದ ಮೇಲೆ ಕಾಲು ಮಡಚಿ ಕುಳಿತು "ಆಹಾ" ಎನ್ನುತ್ತೇವೆ. ನಮ್ಮ ತಟ್ಟೆಯ ಚಪಾತಿ ಅಷ್ಟರಲ್ಲಿ ಆರಿ ಹೋಗಿರುತ್ತದೆ.

ನಿಮ್ಮನ್ನು ಹಳಿಯಲು ಈ ಮಾತು ಎತ್ತಲಿಲ್ಲ. ಕೊರಿಯಾದ ಕಿಮ್ಚಿ, ವಿಯೆಟ್ನಾಮಿನ ಫೋ, ಜಪಾನಿನ ರಾಮೆನ್ ಇವುಗಳ ಹೆಸರನ್ನು ನೀವು ಪಟಪಟನೆ ಹೇಳುತ್ತೀರಿ. ನಿಮ್ಮ ವಯಸ್ಸಿನಲ್ಲಿ ನಮಗೆ ಚೀನಾ ಎಂದರೆ ಗಾಡಿಯ ಮೇಲಿನ ಮಂಚೂರಿಯನ್ ಅಷ್ಟೇ ಆಗಿತ್ತು. ಹೊರಗಿನ ಲೋಕವನ್ನು ನಮಗೆ ತೋರಿಸಿದ್ದು ಪ್ರವಾಸಕಥನಗಳು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಕನ್ನಡಿಗರ ಎಷ್ಟು ಮನೆಗಳಲ್ಲಿ ಕೈಯಿಂದ ಕೈಗೆ ಹೋಯಿತೋ! 1990ರ ದಶಕದಲ್ಲಿ ದೂರದರ್ಶನದ 'ಸುರಭಿ' ಬಂತು. 1993ರಲ್ಲಿ ಝೀ ಟಿ.ವಿ.ಯಲ್ಲಿ ಸಂಜೀವ್ ಕಪೂರ್ ಅವರ 'ಖಾನಾ ಖಜಾನಾ' ಶುರುವಾಯಿತು. ಗೃಹಿಣಿಯರು ಪೆನ್ನು ಪುಸ್ತಕ ಹಿಡಿದು ಟಿ.ವಿ. ಮುಂದೆ ಕೂರತೊಡಗಿದರು. ಆಮೇಲೆ ಡಿಸ್ಕವರಿಯವರ ಟ್ರಾವೆಲ್ ಅಂಡ್ ಲಿವಿಂಗ್, ಎನ್‌ಡಿಟಿವಿ ಗುಡ್ ಟೈಮ್ಸ್, ನೆಟ್‌ಫ್ಲಿಕ್ಸ್. ಈಗ ಎಲ್ಲವೂ ನಿಮ್ಮ ಅಂಗೈಯಲ್ಲಿದೆ.

ಪುಸ್ತಕಕ್ಕೂ ಟಿ.ವಿ.ಗೂ ಒಂದು ವ್ಯತ್ಯಾಸವಿದೆ. ಗೊರೂರರನ್ನು ಓದುವಾಗ ಇದು ಗೊರೂರರ ಕಣ್ಣು ಎಂಬುದು ಸಾಲು ಸಾಲಿಗೂ ನೆನಪಿರುತ್ತದೆ. ಟಿ.ವಿ. ನೋಡುವಾಗ ನಾವೇ ಕಣ್ಣಾರೆ ಕಂಡೆವು ಎಂದುಕೊಂಡುಬಿಡುತ್ತೇವೆ. ನಿಜವಾಗಿ ಕಂಡದ್ದೆಷ್ಟು? ಜಾಹೀರಾತು ಕಳೆದರೆ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಉಳಿಯುವುದು ಸುಮಾರು 22 ನಿಮಿಷ. ಅಷ್ಟರಲ್ಲಿ ಒಂದು ದೇಶ ಮುಗಿಯಬೇಕು! ಯಾವ ಓಣಿಗೆ ಹೋಗಬೇಕು, ಯಾವ ಅಜ್ಜಿ ಕ್ಯಾಮರಾ ಮುಂದೆ ಚೆನ್ನಾಗಿ ನಗುತ್ತಾಳೆ, ಇವೆಲ್ಲ ಮೊದಲೇ ಗೊತ್ತಾಗಿರುತ್ತದೆ. ಗೊತ್ತುಮಾಡುವವನು ಆ ಊರಿನವನೇ ಆದ ಒಬ್ಬ ಸಹಾಯಕ. ಅವನಿಗೆ ಈ ಉದ್ಯೋಗದಲ್ಲಿ ಫಿಕ್ಸರ್ ಎನ್ನುತ್ತಾರೆ. ಭಾಷೆ, ದಾರಿ, ಪೊಲೀಸರ ಅನುಮತಿ ಎಲ್ಲ ಅವನದೇ ಜವಾಬ್ದಾರಿ. ಆದರೆ ತೆರೆಯ ಮೇಲೆ ಅವನ ಮುಖ ಕಾಣುವುದು ಅಪರೂಪ. ನಿರೂಪಕರು ಮಾತ್ರ ಆ ಬೀದಿಯಲ್ಲಿ ತಾವೇ ದಾರಿ ತಪ್ಪಿ ಆ ಅಂಗಡಿಯನ್ನು ಕಂಡುಹಿಡಿದವರಂತೆ ಬೆರಗಾಗುತ್ತಾರೆ.

ಇದೇ ಕಣ್ಣು ನಮ್ಮ ಕಡೆ ತಿರುಗಿದಾಗ ಏನಾಗುತ್ತದೆ ಎಂಬುದು ನಿಮಗೆ ಶಾಲೆಯ ಡಬ್ಬಿ ಬಿಚ್ಚಿದ ದಿನದಿಂದಲೇ ಗೊತ್ತು. ಹಿಂದಿ ತೆರೆಗೆ ವಿಂಧ್ಯದ ಕೆಳಗೆ ಇರುವುದು ಒಂದೇ ಊರು, ಅಲ್ಲಿ ಉಣ್ಣುವುದು ಇಡ್ಲಿ ದೋಸೆ ಸಾಂಬಾರ್. 1968ರ 'ಪಡೋಸನ್'ನಲ್ಲಿ ಮೆಹಮೂದ್ ಕಟ್ಟಿದ 'ಮದ್ರಾಸಿ'ಗೂ, 2011ರ 'ರಾ.ಒನ್'ನಲ್ಲಿ ನೂಡಲ್ಸಿಗೆ ಮೊಸರು ಕಲಸಿಕೊಂಡು ಕೈಯಲ್ಲಿ ತಿನ್ನುವ ಶೇಖರ್ ಸುಬ್ರಮಣ್ಯನಿಗೂ ನಡುವೆ 43 ವರ್ಷ ಕಳೆದಿದ್ದವು. ನಗು ಮಾತ್ರ ಬದಲಾಗಿರಲಿಲ್ಲ. ನಮ್ಮ ಮಾಟುಂಗಾವನ್ನೇ ನೋಡಿ. 1940ರಲ್ಲಿ ಅಲ್ಲಿ ಶುರುವಾದ ಕೆಫೆ ಮದ್ರಾಸ್ ನಡೆಸಿಕೊಂಡು ಬಂದವರು ಕಾಮತ್ ಮನೆತನದವರು, ನಮ್ಮ ಕರಾವಳಿಯ ಕಡೆಯವರು. ಬೋರ್ಡಿನ ಮೇಲೆ ಮಾತ್ರ ಮದ್ರಾಸ್! ಮುಂಬಯಿಯ 'ಮೈಸೂರು ಮಸಾಲಾ'ವನ್ನು ಬೀಟ್‌ರೂಟ್, ಬೆಣ್ಣೆ ಸಮೇತ ಮೈಸೂರಿನಲ್ಲಿ ಕೇಳಿ ನೋಡಿ, ಮಾಣಿ ನಿಮ್ಮ ಮುಖ ನೋಡುತ್ತಾನೆ.

ಕರ್ನಾಟಕಕ್ಕೆ ಕ್ಯಾಮರಾ ಬಂದಾಗಲೂ ಹಾದಿ ಹೆಚ್ಚುಕಡಿಮೆ ಒಂದೇ. ಹಂಪಿಯ ಕಲ್ಲಿನ ರಥ, ಮೈಸೂರಿನ ದೀಪಗಳು, ಕೊಡಗಿನ ಕಾಫಿ ತೋಟ ಮತ್ತು ಪಂದಿ ಕರಿ, ಬೆಂಗಳೂರಿನ ಬೆಣ್ಣೆ ಮಸಾಲೆ. ವಿಜಯಪುರದ ಮನೆಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು, ಅದರ ಜೊತೆಗೆ ಬರುವ ಎಣ್ಣೆಗಾಯಿ, ಶೇಂಗಾ ಹಿಂಡಿ ಅಷ್ಟಾಗಿ ಕಾಣವು. ಕಂಡರೂ ಆ ರೊಟ್ಟಿಗೂ ಸೊಲ್ಲಾಪುರದ ಭಾಕರಿಗೂ ಇರುವ ಅಕ್ಕತಂಗಿಯರ ಸಂಬಂಧವನ್ನು ಯಾರೂ ಹೇಳುವುದಿಲ್ಲ. ಟಿ.ವಿ.ಗೆ ರಾಜ್ಯಕ್ಕೊಂದು ತಿಂಡಿ, ದೇಶಕ್ಕೊಂದು ತಿಂಡಿ ಬೇಕು. ಜೋಳ ಬೆಳೆಯುವ ಕಪ್ಪು ಮಣ್ಣಿಗೆ 1956ರ ಗಡಿರೇಖೆ ಗೊತ್ತಿಲ್ಲ.

ಈಗ ಎರಡು ಇಂಗ್ಲಿಷ್ ಶಬ್ದಗಳ ವಿಚಾರ. ಬಿ.ಎ.ಗೆ ಇಂಗ್ಲಿಷ್ ಓದಿದವಳ ಹಳೆಯ ಚಾಳಿ, ಸಹಿಸಿಕೊಳ್ಳಿ. 'ಎಕ್ಸಾಟಿಕ್' ಎಂಬ ಶಬ್ದದ ಗ್ರೀಕ್ ಮೂಲಕ್ಕೆ 'ಹೊರಗಿನದು' ಎಂದಷ್ಟೇ ಅರ್ಥ. ಅಂದರೆ ವಸ್ತುವಿನಲ್ಲಿ ಏನೂ ಇಲ್ಲ, ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಮುಂಬಯಿಯ ತರಕಾರಿಯವನು ಬ್ರೊಕೊಲಿಯನ್ನು 'ಎಕ್ಸಾಟಿಕ್' ಎಂದು ಬೇರೆ ಬುಟ್ಟಿಯಲ್ಲಿಡುತ್ತಾನೆ. ಅಮೆರಿಕದ ಅಂಗಡಿಯಲ್ಲಿ ಆ ಪಟ್ಟ ನಮ್ಮ ಬಸಳೆಗೆ. ಇನ್ನೊಂದು ಶಬ್ದ 'ಬಿಜಾರ್', ಅಂದರೆ ವಿಚಿತ್ರ. 2007ರಲ್ಲಿ ಅಮೆರಿಕದ ಟ್ರಾವೆಲ್ ಚಾನೆಲ್‌ನಲ್ಲಿ ಶುರುವಾಗಿ ಬಹಳ ವರ್ಷ ನಡೆದ ಆಂಡ್ರ್ಯೂ ಝಿಮರ್ನ್ ಅವರ ಕಾರ್ಯಕ್ರಮದ ಹೆಸರೇ 'ಬಿಜಾರ್ ಫುಡ್ಸ್'. ಮನುಷ್ಯ ಸಜ್ಜನರೇ, ಮುಂದೆ ಇಟ್ಟದ್ದನ್ನೆಲ್ಲ ಗೌರವದಿಂದ ತಿನ್ನುತ್ತಿದ್ದರು, ಮೂಗು ಮುರಿಯುತ್ತಿರಲಿಲ್ಲ. ಆದರೆ ಹೆಸರಿನಲ್ಲೇ ತೀರ್ಪು ಕೊಟ್ಟಾಗಿತ್ತಲ್ಲ! ಯಾರಿಗೆ ವಿಚಿತ್ರ? ನಮ್ಮ ಮಲೆನಾಡಿನಲ್ಲಿ ಮರದ ಮೇಲೆ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಇರುವೆಯಿಂದ ಚಗಳಿ ಚಟ್ನಿ ಮಾಡುತ್ತಾರೆ. ಹುಳಿಯಾಗಿ, ಖಾರವಾಗಿ ಇರುತ್ತದೆ. ತಿನ್ನುವ ಮನೆಯಲ್ಲಿ ಅದು ಬರೀ ಚಟ್ನಿ. ಒಡಿಶಾದ ಸಿಮಿಲಿಪಾಲ್ ಕಾಡಿನ ಜನರ ಇಂಥದೇ 'ಕಾಯಿ ಚಟ್ನಿ'ಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು, ನಮ್ಮ ಮೈಸೂರು ಪಾನದೆಲೆಗೆ ಇರುವ ಹಾಗೆ.

ಅಮೆರಿಕದ ಒಂದು ರಾತ್ರಿಯ ಹರಟೆ ಕಾರ್ಯಕ್ರಮದಲ್ಲಿ ಇನ್ನೊಂದು ಆಟ ನಡೆಯುತ್ತಿತ್ತು. ಜೇಮ್ಸ್ ಕಾರ್ಡನ್ ಅದರ ನಿರೂಪಕರು. ಅತಿಥಿ ಕಷ್ಟದ ಪ್ರಶ್ನೆಗೆ ಉತ್ತರಿಸಬೇಕು, ಇಲ್ಲವೇ ಮೇಜಿನ ಮೇಲಿನ 'ಅಸಹ್ಯ' ತಿನಿಸೊಂದನ್ನು ತಿನ್ನಬೇಕು. ಮೇಜಿನ ಮೇಲೆ ಇಡುತ್ತಿದ್ದುದು ಫಿಲಿಪೀನ್ಸಿನವರು ಪ್ರೀತಿಯಿಂದ ತಿನ್ನುವ ಬಾಲುತ್, ಚೀನೀಯರು ಹದಮಾಡಿ ಇಡುವ ಕಪ್ಪು ಮೊಟ್ಟೆ. 2021ರಲ್ಲಿ ಅಲ್ಲಿಯ ಒಬ್ಬ ಯುವತಿ, ಫಿಲಿಪಿನೋ ಮತ್ತು ಚೀನೀ ಮೂಲದವಳು, ಇದನ್ನು ನಿಲ್ಲಿಸಿ ಎಂದು ಸಹಿ ಸಂಗ್ರಹಕ್ಕೆ ಇಳಿದಳು. ಸಾವಿರಾರು ಜನ ಸಹಿ ಹಾಕಿದರು. ಆ ಹುಡುಗಿಯೂ ನಿಮ್ಮ ಹಾಗೆಯೇ, ಅಪ್ಪ ಅಮ್ಮನ ಊರಿನಿಂದ ದೂರದಲ್ಲಿ ಬೆಳೆದವಳು. ನಮ್ಮವರಿಗೂ ಈ ನೋವು ಗೊತ್ತಿರಬೇಕು. 1984ರ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಚಿತ್ರದಲ್ಲಿ ಭಾರತದ ಅರಮನೆಯ ಔತಣ ಎಂದು ತೋರಿಸಿದ್ದು ಕೋತಿಯ ಮಿದುಳು ಮತ್ತು ಕಣ್ಣುಗುಡ್ಡೆಯ ಸೂಪು!

ಆದರೆ ನನಗೆ ನಿಮ್ಮೊಂದಿಗೆ ಮಾತಾಡಬೇಕೆನಿಸಿದ್ದು ವಾಸನೆಯ ಬಗ್ಗೆ. ಟಿ.ವಿ. ಏನನ್ನು ಬೇಕಾದರೂ ತೋರಿಸೀತು, ಕೇಳಿಸೀತು. ಮೂಗಿಗೆ ಮಾತ್ರ ಏನೂ ಕೊಡಲಾರದು. ಆದ್ದರಿಂದಲೇ ಸಿಯೋಲ್‌ನ ಕಿಮ್ಚಿ ಭರಣಿ ನಮಗೆ ಅಷ್ಟು ಚಂದ. ಅದೇ ಹುಳಿ ಬಂದ ವಾಸನೆ ಎದುರುಗಡೆಯ ಫ್ಲ್ಯಾಟಿನಿಂದ ಬಂದರೆ? ಈಶಾನ್ಯ ರಾಜ್ಯಗಳಿಂದ ಓದಲು, ದುಡಿಯಲು ಬಂದ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ನಾಗಾಲ್ಯಾಂಡಿನ ಅಖುನಿ ಎಂದರೆ ಹುದುಗಿಸಿದ ಸೋಯಾ ಕಾಳು. ಅದನ್ನೂ ಕಳಲೆಯನ್ನೂ ಬೇಯಿಸುವಾಗ ನೆರೆಹೊರೆಯಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳಿ ಎಂದು 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದವರಿಗಾಗಿ ತಂದ ಕಿರುಪುಸ್ತಿಕೆಯಲ್ಲಿ ಬುದ್ಧಿ ಹೇಳಿದ್ದರು! ಸುರಕ್ಷತೆಯ ಸಲಹೆ ಎಂದು ಅದರ ಹೆಸರು. ಈ ಪಾಡನ್ನೇ ವಸ್ತುವಾಗಿಟ್ಟುಕೊಂಡು ನಿಕೊಲಸ್ ಖಾರ್ಕೊಂಗೊರ್ ಅವರು 'ಆಖೋನಿ' ಎಂಬ ಚಿತ್ರ ಮಾಡಿದರು. 2020ರಲ್ಲಿ ಅದು ನೆಟ್‌ಫ್ಲಿಕ್ಸಿಗೂ ಬಂತು. ನೋಡಿಲ್ಲವಾದರೆ ನೋಡಿ.

ಕಳಲೆ ಎಂದರೆ ನಿಮ್ಮಲ್ಲಿ ಕೆಲವರಿಗೆ ತಿಳಿಯಲಿಕ್ಕಿಲ್ಲ. ಎಳೆ ಬಿದಿರಿನ ಮೊಳಕೆ. ತುಳುವಿನಲ್ಲಿ ಕಣಿಲೆ, ಕೊಂಕಣಿಯಲ್ಲಿ ಕಿರ್ಲು, ಕೊಡವರಲ್ಲಿ ಬೈಂಬಳೆ. ಮಲೆನಾಡಿನಲ್ಲಿ ಅದರ ಪಲ್ಯ, ಹುಳಿ, ಉಪ್ಪಿನಕಾಯಿ ಇಲ್ಲದ ಮಳೆಗಾಲವೇ ಇಲ್ಲ. ಅಸ್ಸಾಮಿನವರ ಖೊರಿಸಾ, ಮಣಿಪುರದವರ ಸೊಯಿಬುಮ್ ಎಲ್ಲವೂ ಇದೇ ಬಿದಿರು. ಅವರು ಹುದುಗಿಸುತ್ತಾರೆ, ನಾವು ಬಹುಮಟ್ಟಿಗೆ ನೀರಿನಲ್ಲಿ ನೆನೆಸುತ್ತೇವೆ, ಅಷ್ಟೇ. ಮೂರು ದಿನ ನೆನೆದ ಕಳಲೆಯ ನೀರಿನ ವಾಸನೆ ಏನು ಎಂದು ಸಾಗರದ ಕಡೆಯವರನ್ನು ಕೇಳಿ. ದೆಹಲಿಯ ಆ ಪುಸ್ತಿಕೆ ನಮ್ಮ ಅಜ್ಜಿಯರಿಗೂ ಅನ್ವಯಿಸುತ್ತಿತ್ತು.

ಈಗ ಹೇಳುವ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಓದಿ. 2020ರ ಜನವರಿಯಲ್ಲಿ ಒಂದು ವಿಡಿಯೋ ಜಗತ್ತನ್ನೆಲ್ಲ ಸುತ್ತಿತು. ಚೀನಾದ ಯುವತಿಯೊಬ್ಬಳು ಬಾವಲಿ ಸೂಪು ತಿನ್ನುವ ದೃಶ್ಯ. ಇದೇ ವುಹಾನ್, ಇದರಿಂದಲೇ ಕೊರೋನಾ ಬಂತು ಎಂದು ಅದರ ಜೊತೆ ಟಿಪ್ಪಣಿ. ಸುದ್ದಿಮನೆಗಳೂ ಅದನ್ನು ತೋರಿಸಿದವು. ನಮ್ಮ ಹೌಸಿಂಗ್ ಸೊಸೈಟಿಗಳ ವಾಟ್ಸಾಪ್ ಗುಂಪುಗಳಲ್ಲಿ ಅದು ಎಷ್ಟು ಸಲ ಬಂದು ಹೋಯಿತೋ. ಆಮೇಲೆ ನಿಜ ಹೊರಬಿತ್ತು. ಅದು ವುಹಾನ್ ಅಲ್ಲ, ಚೀನಾವೂ ಅಲ್ಲ. ಪೆಸಿಫಿಕ್ ಸಾಗರದ ಪಲಾವು ಎಂಬ ಪುಟ್ಟ ದ್ವೀಪರಾಷ್ಟ್ರ. ತೆಗೆದದ್ದು 2016ರಲ್ಲಿ. ಆಕೆ ಒಂದು ಪ್ರವಾಸ ಕಾರ್ಯಕ್ರಮದ ನಿರೂಪಕಿ, ಆ ಊರಿನವರು ಉಣ್ಣುವುದನ್ನು ತಾನೂ ರುಚಿ ನೋಡುತ್ತಿದ್ದಳು. ಅಂದರೆ ನಾವು ರಾತ್ರಿ ಊಟದ ಹೊತ್ತಿಗೆ ಹಾಕಿಕೊಂಡು ಕೂರುವಂಥದೇ ಒಂದು ಕಾರ್ಯಕ್ರಮ! ಪಾಪ, ಆ ಹುಡುಗಿ ಬೈಗುಳ, ಬೆದರಿಕೆಗಳ ನಡುವೆ ಕ್ಷಮೆ ಕೇಳಬೇಕಾಯಿತು. ನಿಜ ಗೊತ್ತಾದ ಮೇಲೂ ಕಣ್ಣಿಗೆ ಕಟ್ಟಿದ ಚಿತ್ರ ಅಳಿಸಿಹೋಗಲಿಲ್ಲ.

ಆ ಚಿತ್ರ ಎಲ್ಲಿಗೆ ಬಂದು ಮುಟ್ಟಿತು ಗೊತ್ತೇ? 2020ರ ಮಾರ್ಚ್ ತಿಂಗಳಲ್ಲಿ ಈಶಾನ್ಯದವರನ್ನು 'ಕೊರೋನಾ' ಎಂದು ಕೂಗುವುದು, ಮನೆ ಬಿಡಿಸುವುದು ಹೆಚ್ಚಾಗಿ, ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಕ್ರಮ ಕೈಗೊಳ್ಳಲು ಹೇಳಬೇಕಾಯಿತು. ಅದೇ ತಿಂಗಳ ಕೊನೆಯಲ್ಲಿ ಮೈಸೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡಿನ ಇಬ್ಬರು ವಿದ್ಯಾರ್ಥಿಗಳನ್ನು ಒಳಗೇ ಬಿಡಲಿಲ್ಲ. ಆಧಾರ್ ಕಾರ್ಡ್ ತೋರಿಸಿದರೂ ಬಿಡಲಿಲ್ಲ. ಪೊಲೀಸರು ಪ್ರಕರಣ ದಾಖಲಿಸಿದರು. ಮೈಸೂರು! ಅತಿಥಿ ಸತ್ಕಾರಕ್ಕೆ ಹೆಸರಾದ ಊರು ಎಂದು ನಾವು ಹೊರನಾಡಿನಲ್ಲಿ ಕುಳಿತು ಹೆಮ್ಮೆಪಡುವ ಅದೇ ಮೈಸೂರು. ಆ ಇಬ್ಬರಿಗೂ ಪಲಾವು ದ್ವೀಪದ ಬಾವಲಿಗೂ ಏನು ಸಂಬಂಧ? ಕಣ್ಣು, ಮುಖ, ಊಟ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದನ್ನು ಕಿರುತೆರೆ ನಮಗೆ ಎಷ್ಟೋ ವರ್ಷಗಳಿಂದ ಅಭ್ಯಾಸ ಮಾಡಿಸಿತ್ತು.

ಹಾಗಾದರೆ ಟಿ.ವಿ. ಆರಿಸಿಬಿಡಿ ಎನ್ನುತ್ತೀರಾ ಆಂಟಿ, ಎಂದು ನೀವು ಕೇಳಬಹುದು. ಇಲ್ಲಪ್ಪ. ಒಳ್ಳೆಯದನ್ನು ಗುರುತಿಸಿ ಎನ್ನುತ್ತೇನೆ. ಆಂಟನಿ ಬೋರ್ಡೇನ್ ಅವರ ಕಾರ್ಯಕ್ರಮಗಳು ಈಗಲೂ ಸಿಗುತ್ತವೆ, ವರ್ಷದ ಕ್ರಮದಲ್ಲಿ ನೋಡಿ. ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಬಾಣಸಿಗರಾಗಿದ್ದವರು. 2002ರ 'ಎ ಕುಕ್ಸ್ ಟೂರ್'ನಲ್ಲಿ ವಿಯೆಟ್ನಾಮಿಗೆ ಹೋಗಿ, ಇನ್ನೂ ಮಿಡಿಯುತ್ತಿರುವ ನಾಗರಹಾವಿನ ಹೃದಯವನ್ನು ನುಂಗಿದರು! ನೋಡುವವರು ಹೌಹಾರಲಿ ಎಂದೇ ಮಾಡಿದ ಆಟ ಅದು. 2006ರ ಜುಲೈನಲ್ಲಿ 'ನೋ ರಿಸರ್ವೇಷನ್ಸ್' ಚಿತ್ರೀಕರಣಕ್ಕೆಂದು ಬೈರೂತ್‌ಗೆ ಹೋದರು. ಹೋದ ಕೆಲವೇ ದಿನಗಳಲ್ಲಿ ಯುದ್ಧ ಶುರುವಾಯಿತು. ಊಟದ ಕಾರ್ಯಕ್ರಮ ಮಾಡಲು ಹೋದವರು ಹೋಟೆಲಿನಲ್ಲಿ ಸಿಕ್ಕಿಬಿದ್ದು, ಬಾಂಬು ಬೀಳುವುದನ್ನು ನೋಡುತ್ತ ಕುಳಿತರು. ಕೊನೆಗೆ ಅಮೆರಿಕದ ನೌಕಾಪಡೆಯ ಹಡಗು ಬಂದು ಕರೆದೊಯ್ಯಿತು. ಆ ಕಂತಿನಲ್ಲಿ ಊಟವೇ ಇಲ್ಲವೆನ್ನಬೇಕು. ಆದರೂ ಅದು ಎಮ್ಮಿ ಪ್ರಶಸ್ತಿಗೆ ನಾಮಕರಣಗೊಂಡಿತು.

ಅಲ್ಲಿಂದಾಚೆಗೆ ಅವರ ಧಾಟಿ ಬದಲಾಯಿತು ಎಂದು ನನ್ನ ಎಣಿಕೆ. ಹೃದಯ ನುಂಗುವ ಆಟ ಹಿಂದೆ ಸರಿದು, ಎದುರಿಗೆ ಕುಳಿತವರ ಮಾತು ಮುಂದೆ ಬಂತು. 2014ರಲ್ಲಿ ಇರಾನಿಗೆ ಹೋದರು. ಅವರೊಂದಿಗೆ ಊಟಕ್ಕೆ ಕುಳಿತು ಆ ದೇಶದ ಬಗ್ಗೆ ಅಕ್ಕರೆಯಿಂದ ಮಾತಾಡಿದ ಪತ್ರಕರ್ತ ದಂಪತಿಗಳು, ವಾಷಿಂಗ್ಟನ್ ಪೋಸ್ಟಿನ ಜೇಸನ್ ರೆಝೈಯನ್ ಮತ್ತು ಅವರ ಹೆಂಡತಿ. ಕಾರ್ಯಕ್ರಮ ಪ್ರಸಾರವಾಗುವ ಮೊದಲೇ ಇಬ್ಬರೂ ಬಂಧಿತರಾಗಿದ್ದರು. ಜೇಸನ್ ಬಿಡುಗಡೆಯಾದದ್ದು 2016ರ ಜನವರಿಯಲ್ಲಿ. ಅದೇ 2016ರ ಮೇ ತಿಂಗಳಲ್ಲಿ ಹನೋಯ್‌ನ ಸಣ್ಣ ಹೋಟೆಲಿನಲ್ಲಿ ಅಧ್ಯಕ್ಷ ಒಬಾಮಾ ಜೊತೆ ಬೋರ್ಡೇನ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಬುನ್ ಚಾ ತಿಂದರು. ಬಿಲ್ಲು 6 ಡಾಲರ್. ಹದಿನಾಲ್ಕು ವರ್ಷಗಳ ಹಿಂದೆ ಹಾವಿನ ಹೃದಯ ತೋರಿಸಿದ ಅದೇ ದೇಶ, ಅದೇ ಮನುಷ್ಯ. ಅಮೆರಿಕ ಬಾಂಬು ಸುರಿದಿದ್ದ ಊರಿನಲ್ಲಿ ಅಮೆರಿಕದ ಅಧ್ಯಕ್ಷರು ಅಲ್ಲಿನ ಜನರ ನಡುವೆ ಕುಳಿತು ಶಾವಿಗೆ ತಿನ್ನುತ್ತಿದ್ದಾರೆ. ಆಮೇಲೆ ಹೋಟೆಲಿನವರು ಆ ಮೇಜನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರು! ಟಿ.ವಿ. ಎಂಥ ಊಟವನ್ನೂ ಕೊನೆಗೆ ಗಾಜಿನೊಳಗೆ ಇಡುತ್ತದೆ ನೋಡಿ. ಬೋರ್ಡೇನ್ 2018ರ ಜೂನ್‌ನಲ್ಲಿ ತೀರಿಕೊಂಡರು.

ಎಷ್ಟು ಒಳ್ಳೆಯವರಾದರೂ ಬೋರ್ಡೇನ್ ಅತಿಥಿಯೇ. ಮನೆಯವರೇ ಬಡಿಸಿದರೆ ಹೇಗಿರುತ್ತದೆ ಎಂಬುದನ್ನು 2021ರ ಜುಲೈನಲ್ಲಿ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾದ ಅಂತಿಮ ಸ್ಪರ್ಧೆಯಲ್ಲಿ ಕಂಡೆವು. ಕಿಶ್ವರ್ ಚೌಧುರಿ ಮೆಲ್ಬರ್ನ್‌ನಲ್ಲಿ ಹುಟ್ಟಿ ಬೆಳೆದವರು. ತಂದೆ ಬಾಂಗ್ಲಾದೇಶದವರು, ತಾಯಿ ಕೋಲ್ಕತ್ತದವರು. ಅಷ್ಟು ದೊಡ್ಡ ಸ್ಪರ್ಧೆಯ ಕೊನೆಯ ಮೇಜಿಗೆ ಆಕೆ ತಂದಿಟ್ಟದ್ದು ಪಾಂತಾ ಭಾತ್, ಆಲೂ ಭರ್ತಾ, ಮೀನು. ಪಾಂತಾ ಭಾತ್ ಎಂದರೆ ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ಹುಳಿಯಾದ ಅನ್ನ, ನಮ್ಮ ತಂಗಳನ್ನ! ಮಜ್ಜಿಗೆ, ಈರುಳ್ಳಿ, ಹಸಿಮೆಣಸು ನಂಚಿಕೊಂಡು ಹೊಲಕ್ಕೆ ಹೋಗುವವರು ತಿನ್ನುತ್ತಿದ್ದ, ನೆಂಟರು ಬಂದರೆ ಮುಚ್ಚಿಡುತ್ತಿದ್ದ ತಂಗಳನ್ನ. ಆಕೆಗೆ ಮೂರನೆಯ ಸ್ಥಾನ ಬಂತು. ಆದರೆ ಗೆದ್ದವರಿಗಿಂತ ಹೆಚ್ಚಾಗಿ ಬಂಗಾಳಿಗಳು ಇಂದಿಗೂ ನೆನೆಯುವುದು ಆ ಬಟ್ಟಲನ್ನು. ಅದಕ್ಕೆ ಅಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ಸ್ವಲ್ಪ ಜಂಬದ್ದು, 'ಸ್ಮೋಕ್ಡ್ ರೈಸ್ ವಾಟರ್'. ಇರಲಿ, ಮದುವೆ ಮನೆಗೆ ಹೋಗುವಾಗ ರೇಷ್ಮೆ ಉಡುವುದಿಲ್ಲವೇ, ಹಾಗೆ.

ನಿಮ್ಮನ್ನು ನೋಡಿದಾಗ ಕಿಶ್ವರ್ ನೆನಪಾಗುತ್ತಾರೆ. ರಜೆಗೆ ಊರಿಗೆ ಹೋದಾಗ ನೀವೂ ಮೊಬೈಲ್ ಹಿಡಿದು ಅಜ್ಜಿಯ ಒಲೆ, ಬಚ್ಚಲ ಹಂಡೆ, ಬೀಸುವ ಕಲ್ಲು ಎಲ್ಲವನ್ನೂ ತೆಗೆದು 'ವಿಲೇಜ್ ಫುಡ್' ಎಂದು ಹಾಕುತ್ತೀರಿ. ಅಜ್ಜಿ ಆ ಒಲೆಯನ್ನು ಇಟ್ಟುಕೊಂಡಿರುವುದು ಚಿತ್ರಕ್ಕಾಗಿ ಅಲ್ಲ. ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ, ನೀವು ಅದನ್ನು ಚೌಕಟ್ಟಿನಿಂದ ಹೊರಗೆ ಬಿಡುತ್ತೀರಿ! ಮುಂದಿನ ಸಲ ಸಿಲಿಂಡರನ್ನೂ ತೋರಿಸಿ ನೋಡೋಣ. ಅಜ್ಜಿ ಏನು ಹೇಳುತ್ತಿದ್ದಾರೆ ಎಂಬುದಕ್ಕೆ ಸಿನಿಮಾ ಸಂಗೀತ ಹಾಕದೆ ಅವರ ದನಿಯನ್ನೇ ಉಳಿಸಿ. ಆ ಕನ್ನಡ ಪೂರ್ತಿ ಅರ್ಥವಾಗದಿದ್ದರೆ ಅಮ್ಮನನ್ನು ಕೇಳಿ.

ಮಳೆ ಹಿಡಿದ ಮೇಲೆ ವಸಯಿ ಕಡೆಯ ಆದಿವಾಸಿ ಹೆಂಗಸರು ಎಳೆ ಬಿದಿರನ್ನು ಮಾರಲು ತರುತ್ತಾರೆ. ಮರಾಠಿಯಲ್ಲಿ ಅದಕ್ಕೆ ವಾಸ್ತೆ ಎನ್ನುತ್ತಾರೆ, ಹಾಗೆಂದೇ ಕೇಳಿ. ಹೊರಗಿನ ಗಟ್ಟಿ ಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳನ್ನು ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಿ. ಹಸಿಯಾಗಿ ತಿನ್ನಬಾರದು, ಅದರಲ್ಲಿ ವಿಷದ ಅಂಶವಿರುತ್ತದೆ. ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಸ್ವಲ್ಪ ಹುಣಸೆಹುಳಿ ರುಬ್ಬಿ ಹಾಕಿ, ನೆನೆಸಿ ಬೇಯಿಸಿದ ಹೆಸರು ಕಾಳನ್ನೂ ಸೇರಿಸಿ ಕುದಿಸಿ, ತೆಂಗಿನೆಣ್ಣೆಯ ಒಗ್ಗರಣೆ ಕೊಡಿ. ಎರಡನೆಯ ದಿನ ನೀರು ಚೆಲ್ಲುವಾಗ ಮನೆಯೆಲ್ಲ ಒಂಥರಾ ವಾಸನೆ ಬರುತ್ತದೆ. ಪಕ್ಕದ ಮನೆಯವರು ಏನದು ಎಂದು ಕೇಳಿಯೇ ಕೇಳುತ್ತಾರೆ. ಹೇಳಿ. ಸಾರು ಆದ ಮೇಲೆ ಅವರಿಗೂ ಒಂದು ಬಟ್ಟಲು ಕೊಟ್ಟುಬನ್ನಿ.